ಧ್ವಜ ಕಟ್ಟಿದ ಮಾಸ್ತರರು

ಆಫ್ರಿಕಾದಲ್ಲಿದ್ದಾಗ ನಾವು ಆಗಸ್ಟ್ ಹದಿನೈದನ್ನು ಆಚರಿಸಿದ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ಚಂದವಾಗುತ್ತ ಹೋಗಿದೆ. ಒಮ್ಮೆ ನಮ್ಮ ಅಂಗಳದಲ್ಲಿ ನಲವತ್ತು ಜನರಿದ್ದರು, ಇನ್ನೊಮ್ಮೆ ಅರವತ್ತು. ಡೈರಿ ತೆಗೆದು ನೋಡಿದರೆ ಮಕ್ಕಳೂ ಸೇರಿ ಹತ್ತೊಂಬತ್ತು. ಹಾಗಾಗಿ ಈ ಸಲ ಡೈರಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಇಲ್ಲದ್ದನ್ನು ಬರೆಯುವಾಗ ಇಲ್ಲವೆಂದೇ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನೂ ನನ್ನ ಗಂಡನೂ ಉತ್ತರ ನೈಜೀರಿಯಾದ ಒಂದು ಸಣ್ಣ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಅವರದು ರಸಾಯನಶಾಸ್ತ್ರ, ನನ್ನದು ಭೌತಶಾಸ್ತ್ರ. ನನ್ನ ತವರು ಆಳಂದ ತಾಲೂಕಿನ ಸರಸಂಬಾ. ಅವರ ಊರು ಅಫಜಲಪುರ. ಇಬ್ಬರೂ ಧಾರವಾಡದಲ್ಲಿ ಓದಿದವರು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ಜೇವರ್ಗಿಯ ಒಬ್ಬ ಮಾಸ್ತರರು. ಐವತ್ತು ದಾಟಿದ ಮುಸಲ್ಮಾನರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಬ್ಬರೇ ಬಂದಿದ್ದರು. ಒಂದೇ ಜಿಲ್ಲೆಯ ಮೂರು ತಾಲೂಕಿನ ಮೂವರು ಅಷ್ಟು ದೂರದಲ್ಲಿ ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಸೇರಿದ್ದೆವು.

ನಾವು ಹೋದ ಮೂರನೆಯ ವಾರವಿರಬೇಕು. ಬ್ರೆಡ್ಡು ಮತ್ತು ಅನ್ನ ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಮಾಸ್ತರರು ಬಾಗಿಲಲ್ಲಿ ನಿಂತು ಒಂದು ಬಟ್ಟೆಯ ಚೀಲವನ್ನು ಮುಂದೆ ಹಿಡಿದರು.

“ತಂಗಿ, ಕಣ್ಣ ಮುಚ್ಚಿ ಕೈ ಹಾಕು.”

ಹಾಕಿದೆ. ಬೆರಳಿಗೆ ಹತ್ತಿದ್ದು ಜೋಳ.

“ಎಲ್ಲಿ ಸಿಕ್ತ್ರಿ ಇದು!”

“ಇವರ ಸಂತ್ಯಾಗ ರಾಶಿ ರಾಶಿ ಅದ. ಇವರು ದಾವಾ ಅಂತಾರ, ಇಂಗ್ಲಿಷಿನವರು ಗಿನಿ ಕಾರ್ನ್ ಅಂತಾರ. ನೀವು ಧಾರವಾಡದಾಗ ಓದಿದವರು, ಹೆಸರ ಕೇಳಿ ಮಕ್ಕಿಜ್ವಾಳ ಅಂತ ಬಿಟ್ಟಿರಿ. ನಾ ಕೈ ಹಾಕಿ ನೋಡಿದೆ.”

ಅಂದಿನಿಂದ ಭಾನುವಾರ ಮಧ್ಯಾಹ್ನ ಅವರ ಊಟ ನಮ್ಮಲ್ಲಿ. ರೊಟ್ಟಿ, ಶೇಂಗಾ ಹಿಂಡಿ, ಸಿಕ್ಕಿದ ಸೊಪ್ಪಿನ ಪಲ್ಯ. ನಾನು ರೊಟ್ಟಿ ಬಡಿಯುವಾಗ ಅವರು ಅಡಿಗೆಮನೆಯ ಹೊಸ್ತಿಲಲ್ಲೇ ಸ್ಟೂಲು ಹಾಕಿ ಕೂರುತ್ತಿದ್ದರು. ಸರಸಂಬಾದಲ್ಲಾಗಿದ್ದರೆ ಅವರು ನಮ್ಮ ಪಡಸಾಲೆ ದಾಟಿ ಒಳಗೆ ಬರುತ್ತಿರಲಿಲ್ಲ. ನಾವೂ ಬನ್ನಿ ಅನ್ನುತ್ತಿರಲಿಲ್ಲ. ಇದು ನನಗೆ ಆಗಲೇ ಹೊಳೆದಿತ್ತೋ ಈಗ ಬರೆಯುವಾಗ ಹೊಳೆಯುತ್ತಿದೆಯೋ ಹೇಳಲಾರೆ.

ನನ್ನ ಗಂಡನಿಗೂ ಅವರಿಗೂ ಭೀಮಾ ನದಿಯ ಮೇಲೆ ಜಗಳ ನಡೆಯದ ಭಾನುವಾರವಿಲ್ಲ.

“ಉಸ್ತಾದ್ರಿ, ಹೊಳಿ ಮೊದಲ ನಮ್ಮ ಅಫಜಲಪುರಕ್ಕ ಬರ್ತದ. ನಾವು ಎಮ್ಮಿ ಮೈ ತೊಳದ ಮ್ಯಾಲ ನಿಮ್ಮ ಜೇವರ್ಗಿಗಿ.”

“ಅದಕ್ಕ ನಮ್ಮ ಕಡಿ ಮಂದಿ ಗಟ್ಟಿ ಇದ್ದಾರ ಲೇ. ನಿಮ್ಮ ಹೊಲಸೆಲ್ಲಾ ಕುಡದು ಅರಗಿಸ್ಕೊಂಡವರು.”

ಆ ಊರಲ್ಲಿ ಐದಾರು ಭಾರತೀಯ ಕುಟುಂಬಗಳಿದ್ದವು. ಹೆಚ್ಚಿನವು ಕೇರಳದವು, ಎರಡು ಪಂಜಾಬಿನವು. ಆಗಸ್ಟ್ ಹದಿನೈದಕ್ಕೆ ಪ್ರತಿ ವರ್ಷ ಒಬ್ಬರ ಮನೆಯಲ್ಲಿ ಊಟ. ಎರಡು ವರ್ಷ ನಾವು ಹೋಗಿ ಉಂಡು, ಕ್ಯಾಸೆಟ್ಟಿನ ಹಾಡು ಕೇಳಿ ಬಂದಿದ್ದೆವು. ಮೂರನೆಯ ವರ್ಷ ಸರದಿ ನಮ್ಮದಾಯಿತು. ಬರೀ ಊಟ ಸಾಲದು ಎಂದು ನನಗನ್ನಿಸಿತು. ಊರಿನ ಶಾಲೆಯಲ್ಲಿ ಮಾಡುವ ಹಾಗೆ ಧ್ವಜ ಏರಿಸಬೇಕು, ಒಳಗೆ ಹೂವಿಡಬೇಕು, ಹಗ್ಗ ಎಳೆದಾಗ ಪಕಳೆ ತಲೆಯ ಮೇಲೆ ಉದುರಬೇಕು, ಹಿರಿಯರೊಬ್ಬರು ಭಾಷಣ ಮಾಡಬೇಕು. ಪ್ರಿನ್ಸಿಪಾಲರನ್ನು ಕೇಳಿ ಒಪ್ಪಿಗೆ ಪಡೆದೆ. ಅಂಗಡಿಯಲ್ಲಿ ಕಿತ್ತಳೆ ಮತ್ತು ಹಸಿರು ಬಟ್ಟೆ ಸಿಕ್ಕವು, ಬಿಳಿಗೆ ಗಂಡನ ಧೋತರ ಹರಿದೆ. ಚಕ್ರವನ್ನು ಕಂಪಾಸು ಹಿಡಿದು, ಹದಿನೈದು ಹದಿನೈದು ಡಿಗ್ರಿಗೆ ಒಂದು ಗೆರೆ ಎಳೆದು ಬರೆದೆ.

ಇನ್ನೊಂದು ಹುಮ್ಮಸ್ಸೂ ನನಗಿತ್ತು. ನಮ್ಮ ಜಿಲ್ಲೆಗೆ ಸ್ವಾತಂತ್ರ್ಯ ಬಂದದ್ದು ಆ ಆಗಸ್ಟಿನಲ್ಲಲ್ಲ. ಹದಿಮೂರು ತಿಂಗಳ ಆಮೇಲೆ, ಸಪ್ಟೆಂಬರಿನಲ್ಲಿ, ಸೈನ್ಯ ಬಂದು ನಿಜಾಮನ ಆಡಳಿತ ಮುಗಿದಾಗ. ಕೇರಳದವರಿಗೂ ಪಂಜಾಬಿನವರಿಗೂ ಇದು ತಿಳಿದೇ ಇರಲಿಲ್ಲ. ತಿಳಿಸಬೇಕು ಅಂದುಕೊಂಡೆ. ಹೇಳಲು ನನ್ನ ಬಳಿ ಒಂದು ಕಥೆಯಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಹೇಳಿ, ಭಾಷಣ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆದ ಕಥೆ. ವಿವರ ಇನ್ನಷ್ಟು ಬೇಕೆಂದು ಜುಲೈ ಮೊದಲಲ್ಲೇ ಅವ್ವನಿಗೆ ಕಾಗದ ಬರೆದೆ.

ಆ ತಿಂಗಳ ಕೊನೆಯ ಹೊತ್ತಿಗೆ, ಒಂದು ಭಾನುವಾರ ಊಟಕ್ಕೆ ಕೂತಾಗ ಮಾಸ್ತರರಿಗೆ ಹೇಳಿದೆ:

“ಮಾಸ್ತರ್ರಿ, ಈ ಸಲ ಭಾಷಣಾ ನಿಮ್ಮದ. ನೀವ ಎಲ್ಲಾರಿಗಿಂತ ಹಿರಿಯರು. ನಮ್ಮ ಕಡಿ ಸ್ವಾತಂತ್ರ್ಯ ಬಂದಾಗ ನಿಮಗ ಇಪ್ಪತ್ತು ವರ್ಷ ಇದ್ದಿರಬೇಕು. ಕಣ್ಣಾರೆ ನೋಡೀರಿ.”

“ನಾ ಏನ ಭಾಷಣಾ ಮಾಡ್ಲಿ ತಂಗಿ. ಲೆಕ್ಕದ ಮಾಸ್ತರ ನಾ.”

“ಹಂಗಾದ್ರ ನಾನ ಮಾಡ್ತೇನ್ರಿ. ನಮ್ಮ ಮುತ್ಯಾನ ಕಥಿ ಹೇಳ್ತೇನಿ, ಕೇಳ್ರಿ ಹೆಂಗದ.”

ಹೇಳಿದೆ. ನಿಜಾಮನ ಪರ ಆಯುಧ ಹಿಡಿದ ರಜಾಕಾರರು ಊರಿಗೆ ಬಂದದ್ದು, ನನ್ನಜ್ಜ ಮುತ್ಯಾ ತ್ರಿವರ್ಣ ಧ್ವಜವನ್ನು ಹಗೇವಿನಲ್ಲಿ, ಅಂದರೆ ಜೋಳ ತುಂಬುವ ನೆಲದ ಕಣಜದಲ್ಲಿ, ಮುಚ್ಚಿಟ್ಟದ್ದು, ಮೂರು ದಿನ ಅದರ ಬಾಯಿಯ ಮೇಲೇ ಹಾಸಿಗೆ ಹಾಸಿ ಮಲಗಿದ್ದು, ಸೈನ್ಯ ಬಂತೆಂದು ತಿಳಿದ ಕೂಡಲೇ ಧ್ವಜ ತೆಗೆದು ಊರ ಅಗಸಿ ಬಾಗಿಲ ಮೇಲೆ ಕಟ್ಟಿದ್ದು. ಕೊನೆಗೆ, ಹಾಸ್ಟೆಲಿನಲ್ಲಿ ಎಲ್ಲರೂ ನಗುತ್ತಿದ್ದ ಮಾತನ್ನು ಇಲ್ಲೂ ನಗುತ್ತಲೇ ಹೇಳಿದೆ: “ಆಮ್ಯಾಲ ಓಡೋರೆಲ್ಲಾ ಓಡಿದ್ರಂತ್ರಿ. ಚಪ್ಪಲಿ ಸೈತ ಬಿಟ್ಟು ಓಡಿದ್ರಂತ!”

ನನ್ನ ಗಂಡ ನಗಲಿಲ್ಲ. ಮಾಸ್ತರರು ತಟ್ಟೆಯಲ್ಲಿದ್ದ ರೊಟ್ಟಿಯ ಚೂರನ್ನು ಪೂರ್ತಿ ಉಂಡರು. ಕೈ ತೊಳೆದರು. “ರೊಟ್ಟಿ ಚಲೋ ಆಗಿತ್ತು” ಅಂದರು. ಪ್ರತಿ ಭಾನುವಾರ ಚಹಾ ಕುಡಿದೇ ಹೋಗುವವರು ಅಂದು ಕುಡಿಯದೆ ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಬುಟ್ಟಿಯಲ್ಲಿ ಅವರ ಪಾಲಿನ ರೊಟ್ಟಿ ಕಟಕಾದವು. ನಾನು ಜ್ವರವಿರಬೇಕು ಅಂದೆ. ಗಂಡ ಅಂದರು:

“ಜ್ವರ ಇಲ್ಲ ಏನಿಲ್ಲ. ಮುಂಜಾನಿ ಸಂತ್ಯಾಗ ನೋಡೇನಿ. ನೀ ಏನ ಅಂದಿ ಅಂತ ಖಬರ ಅದ ಏನ ನಿನಗ?”

“ಏನ ಅಂದ್ನಿರಿ? ರಜಾಕಾರರಿಗಿ ಅಂದೆ.”

“ಓಡಿದವರೆಲ್ಲಾ ರಜಾಕಾರರ ಇದ್ರೇನು? ಸೈನ್ಯ ಬಂದ ಮ್ಯಾಲ ಮಂದಿ ಸಿಟ್ಟಿಲೆ ಸಿಕ್ಕ ಸಿಕ್ಕ ಮುಸಲ್ಮಾನರ ಮನಿ ಹೊಕ್ಕು ಹೊಡದ್ರು. ನಮ್ಮೂರಾಗ ಸೂಜಿ ಹಿಡಿಯೋ ದರ್ಜಿ ಓಡಿದ. ಅವನ ಮುದುಕಿ ತಾಯಿ ಓಡಿದ್ಳು. ನಮ್ಮಪ್ಪ ಹೇಳ್ತಿದ್ದ. ಇವರು ಆವಾಗ ಜೇವರ್ಗ್ಯಾಗ ಇಪ್ಪತ್ತು ವರ್ಷದ ಹುಡುಗ. ಚಪ್ಪಲಿ ಬಿಟ್ಟು ಓಡಿದವರೊಳಗ ಇವರೂ ಇದ್ರೋ ಏನೋ, ಯಾರಿಗಿ ಗೊತ್ತು.”

ಅವರು ಮುಸಲ್ಮಾನರೆಂಬುದೇ ನನಗೆ ಮರೆತಿತ್ತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೇ? ಶುಕ್ರವಾರ ಅವರು ಮಸೀದಿಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ರಮಜಾನಿನಲ್ಲಿ ಭಾನುವಾರದ ಊಟವನ್ನು ಸಂಜೆಗೆ ಮಾಡುತ್ತಿದ್ದೆ. ಮರೆತಿರಲಿಲ್ಲ. ಆ ಕಥೆಯೊಳಗೆ ಅವರೂ ಇರಬಹುದು ಎಂದು ಯೋಚಿಸಿರಲಿಲ್ಲ, ಅಷ್ಟೆ. ಎಂ.ಎಸ್ಸಿ. ಮಾಡಿದವಳಿಗೆ ಅಷ್ಟು ಯೋಚನೆ ಬರಬೇಕಿತ್ತು.

ಎರಡನೆಯ ಭಾನುವಾರವೂ ಅವರು ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ “ಆರಾಮ ಇದ್ದೀರೇನ್ರಿ” ಅಂದರು. ನನಗೆ ‘ಇದ್ದೀರಿ’! ಮೂರು ವರ್ಷ ನೀನು, ತಂಗಿ ಎಂದು ಕರೆದವರು. ಆ ಒಂದು ಬಹುವಚನಕ್ಕೆ ನಾನು ಮನೆಗೆ ಬಂದು ಅತ್ತೆ. ಧ್ವಜ, ಭಾಷಣ, ಎಲ್ಲವನ್ನೂ ಬಿಟ್ಟುಬಿಡೋಣ ಅನ್ನಿಸಿತು. ಹದಿನೈದಕ್ಕೆ ಅವರು ಬಾರದೆ ಹೋದರೆ, ಮುಂದೆಂದೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಅವ್ವನ ಕಾಗದ ಬಂತು. ಅವ್ವ ಹೇಳಿ, ತಮ್ಮನ ಕೈಲಿ ಬರೆಸಿದ್ದು. ಅದು ಇನ್ನೂ ನನ್ನ ಬಳಿ ಇದೆ, ಹಾಗಾಗಿ ಇದರಲ್ಲಿ ನೆನಪಿನ ಕೈವಾಡವಿಲ್ಲ. “ನಿಮ್ಮ ಮುತ್ಯಾ ಧ್ವಜ ಮುಚ್ಚಿಟ್ಟಿದ್ದ ಅಂತ ನಿನಗ ಯಾರ ಹೇಳಿದ್ರು? ಹಗೇವಿನ್ಯಾಗ ಮುಚ್ಚಿಟ್ಟಿದ್ದು ನಿಮ್ಮ ಆಯಿ, ಹಿತ್ತಾಳಿ ಕೊಡ ಎರಡು, ಹಂಡೆ ಒಂದು. ಮುತ್ಯಾ ತೊಗರಿ ತಗೊಂಡು ಸೊಲ್ಲಾಪುರಕ್ಕ ಹೋದಾಂವ ದಾರಿ ಬಂದಾಗಿ ಅಲ್ಲೇ ಬೀಗರ ಮನ್ಯಾಗ ಕುಂತಿದ್ದ. ಎಲ್ಲಾ ಮುಗದ ಮ್ಯಾಲ ಬಂದ. ಬಂದು ಮೊದಲ ಕೇಳಿದ್ದು ಎಮ್ಮಿ ಈದದ ಏನ ಅಂತ.”

ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಹಾಗಾದರೆ ಆ ಧ್ವಜ ಎಲ್ಲಿಂದ ಬಂತು? ಅಗಸಿ? ಚಪ್ಪಲಿ? ಶಾಲೆಯಲ್ಲಿ ಯಾರೋ ಹೇಳಿದ್ದು, ಎಲ್ಲೋ ಓದಿದ್ದು, ಮುತ್ಯಾನ ರುಮಾಲು ಮೀಸೆ, ಎಲ್ಲ ಸೇರಿ ಕಥೆಯಾಗಿರಬೇಕು. ನಾನು ಬೇಕೆಂದು ಸುಳ್ಳು ಕಟ್ಟಲಿಲ್ಲ. ಆದರೆ ಕಟ್ಟಿದವಳು ನಾನೇ.

ಅಂದೇ ಸಂಜೆ ಕಾಗದ ತೆಗೆದುಕೊಂಡು ಮಾಸ್ತರರ ಕ್ವಾರ್ಟರ್ಸಿಗೆ ಹೋದೆ. ಅವರು ಹೊರಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ ಕೂತಿದ್ದರು. ಏನೂ ಪೀಠಿಕೆಯಿಲ್ಲದೆ ಓದಿದೆ. ಎಮ್ಮೆಯ ವಿಷಯ ಬಂದಾಗ ಅವರು ನಗಲು ಶುರುಮಾಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಈದಿತ್ತಂತ ಏನ?”

“ಏನ್ರಿ?”

“ಎಮ್ಮಿ, ತಂಗಿ, ಎಮ್ಮಿ.”

ತಂಗಿ ಅಂದರಲ್ಲ, ನನಗೆ ಉಸಿರು ಬಂತು. ಡೈರಿಯಲ್ಲಿ ಆ ದಿನ “ಮಾಸ್ತರರ ಮನೆಗೆ ಹೋಗಿ ಕ್ಷಮೆ ಕೇಳಿದೆ” ಎಂದಿದೆ. ಕ್ಷಮೆ ಕೇಳಿದ್ದು ನನಗೆ ನೆನಪಿಲ್ಲ. ಬಹುಶಃ ಕೇಳಿರಲಿಕ್ಕಿಲ್ಲ; ಕೇಳಬೇಕಿತ್ತೆಂದು ಬರೆದುಕೊಂಡಿರಬೇಕು. ಡೈರಿಯನ್ನೂ ಪೂರ್ತಿ ನಂಬಬಾರದು ಎಂದು ಗೊತ್ತಾದದ್ದು ಇಂಥ ಕಡೆಯಲ್ಲಿ.

ಅವರು ಹೇಳಿದ್ದು ಮಾತ್ರ ನೆನಪಿದೆ. ಹೆಚ್ಚು ಹೇಳಲಿಲ್ಲ.

“ನಾವೂ ಓಡಿದ್ವಿ. ನಾನು, ನಮ್ಮ ಅಮ್ಮಾ, ತಮ್ಮ. ಸಜ್ಜಿ ಹೊಲದಾಗ ಕುಂತಿದ್ವಿ. ಸಜ್ಜಿ ಆಳೆತ್ತರ ಬೆಳದಿತ್ತು, ಪುಣ್ಯಕ್ಕ. ಎಷ್ಟ ದಿನ ಅಂತ ಅಮ್ಮಾ ಒಂದ ಹೇಳ್ತಿದ್ಳು, ತಮ್ಮ ಒಂದ ಹೇಳ್ತಾನ. ದಿನಾ ಹೊತ್ತ ಮುಳಗೋ ವ್ಯಾಳ್ಯಾಕ್ಕ ಬದುವಿನ ಮ್ಯಾಲ ಯಾರೋ ರೊಟ್ಟಿ ಗಂಟ ಇಟ್ಟು ಹೋಗ್ತಿದ್ರು. ಯಾರ ಹೊಲಾ, ಯಾರ ರೊಟ್ಟಿ, ಇವತ್ತಿಗೂ ಗೊತ್ತಿಲ್ಲ. ಇಟ್ಟವರ ಕೆಮ್ಮ ಸೈತ ಕೇಳಿಸ್ತಿರಲಿಲ್ಲ.”

“ಅದನ್ನ ಹೇಳ್ರಿ ಮಾಸ್ತರ್ರಿ, ಹದಿನೈದಕ್ಕ” ಅಂದೆ ನಾನು. ನನ್ನ ಬುದ್ಧಿ ನೋಡಿ. ಒಂದು ಕಥೆ ಹೋದರೆ ಇನ್ನೊಂದು ಬೇಕು.

“ಬ್ಯಾಡ. ಭಾಷಣಾ ನನ್ನ ಕೈಲಿ ಆಗಂಗಿಲ್ಲ. ಧ್ವಜಾ ಯಾರ ಕಟ್ಟೋರಿದ್ದಾರ?”

“ಇವರ ಕಟ್ತಾರಂತ್ರಿ.”

“ನಿನ್ನ ಗಂಡ? ಅವನ ಲುಂಗಿ ಅವನಿಗಿ ಕಟ್ಟಾಕ ಬರಂಗಿಲ್ಲ! ನಾ ಬರ್ತೇನಿ.”

ಆಗ ತಿಳಿಯಿತು. ಜೇವರ್ಗಿಯ ಕಡೆಯ ಒಂದು ಶಾಲೆಯಲ್ಲಿ ಅವರು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಮೊದಲ ಆಗಸ್ಟಿಗೇ ಹೆಡ್ಮಾಸ್ತರರು ಧ್ವಜ ಕಟ್ಟುವ ಕೆಲಸವನ್ನು ಇವರಿಗೆ ವಹಿಸಿದ್ದರು. ಬೇಕೆಂದು ವಹಿಸಿದರೋ ಸುಮ್ಮನೆ ವಹಿಸಿದರೋ, ಅವರಿಗೆ ಗೊತ್ತಾಗಲಿಲ್ಲ. ಧ್ವಜದ ಮಡಿಕೆಯೊಳಗೆ ಹೂವಿಟ್ಟು, ಕಂಬದ ತುದಿಗೆ ಏರಿಸಿ, ಕೆಳಗಿನಿಂದ ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕಬೇಕು. ಸಡಿಲಾದರೆ ಏರುವಾಗಲೇ ಬಿಚ್ಚುತ್ತದೆ, ಬಿಗಿಯಾದರೆ ಬಿಚ್ಚುವುದೇ ಇಲ್ಲ. ನಮ್ಮ ಕಡೆಯ ಶಾಲೆಗಳಲ್ಲಿ ತೆರೆಯದ ಧ್ವಜವನ್ನು ನೋಡದವರಿಲ್ಲ. ತಹಶೀಲ್ದಾರರು ಎಳೆಯುತ್ತಾರೆ, ಡ್ರಿಲ್ ಮಾಸ್ತರರು ಎಳೆಯುತ್ತಾರೆ, ಕೊನೆಗೆ ಯಾರೋ ಕಂಬ ಹತ್ತುತ್ತಾರೆ, ಹುಡುಗರೆಲ್ಲ ನಗುತ್ತಾರೆ.

“ಬ್ಯಾರೆ ಯಾರರೆ ಕಟ್ಟಿದ್ದು ತೆರೀಲಿಲ್ಲಂದ್ರ ಹುಡುಗರು ನಗತಾವ. ನಾ ಕಟ್ಟಿದ್ದು ತೆರೀಲಿಲ್ಲಂದ್ರ?” ಅಂದರು ಮಾಸ್ತರರು. “ಎಂಟ ದಿನ ಮನ್ಯಾಗ ಅಮ್ಮಾನ ಓಢಣಿ ತಗೊಂಡು, ಬಾವಿ ರಾಟಿಗಿ ಕಟ್ಟಿ ಎಳದೆ. ಅಮ್ಮಾ ಬೈದ್ಳು, ಹುಚ್ಚ ಹಿಡದದ ಏನೋ ನಿನಗ ಅಂತ. ಮುಂದ ಇಪ್ಪತ್ತ ಮೂವತ್ತ ವರ್ಷ ಕಟ್ಟಿದೆ. ಒಂದ ಸಲಾನೂ ಕೈ ಕೊಟ್ಟಿಲ್ಲ. ಹೆದರಿಕಿ ಎಂದೋ ಹೋತು ತಂಗಿ. ಕೈ ಉಳೀತು.”

ಹದಿನೈದರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಾಗದದ ಪೊಟ್ಟಣ. ತಮ್ಮ ಅಂಗಳದ ದಾಸವಾಳ ಮತ್ತು ನಿತ್ಯಪುಷ್ಪ ಬಿಡಿಸಿಕೊಂಡು ಬಂದಿದ್ದರು. ಶಾಲೆಯ ವರ್ಕ್‌ಶಾಪಿನಿಂದ ತಂದ ಕಬ್ಬಿಣದ ಪೈಪನ್ನು ನನ್ನ ಗಂಡ ಹಿಂದಿನ ದಿನವೇ ನೆಟ್ಟಿದ್ದರು. ನಾನು ಬರೆದ ಚಕ್ರವನ್ನು ಮಾಸ್ತರರು ಬೆರಳಿಟ್ಟು ಎಣಿಸಿದರು. “ಇಪ್ಪತ್ತನಾಕು. ಪಾಸು” ಅಂದರು. ಆಮೇಲೆ ಮಂಚದ ಮೇಲೆ ಧ್ವಜ ಹಾಸಿ, ಮಡಚಿ, ಪಕಳೆ ಹರಡಿ, ಮತ್ತೆ ಮಡಚಿ, ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಕುಣಿಕೆ ಮಾಡಿ ಸಿಕ್ಕಿಸಿದರು. ಅವರ ಕೈಯನ್ನೇ ನೋಡುತ್ತಿದ್ದರೂ ನನಗೆ ಅರ್ಥವಾಗಲಿಲ್ಲ.

ರಾತ್ರಿ ಮಳೆ ಬಂದು ಬಿಟ್ಟಿತ್ತು. ಕಾಂಪೌಂಡಿನಾಚೆ ಹೊಲಗಳಲ್ಲಿ ಅವರ ಜೋಳ ಎದೆಯೆತ್ತರ ನಿಂತಿತ್ತು. ಹತ್ತೊಂಬತ್ತು ಜನ ಒದ್ದೆ ಹುಲ್ಲಿನ ಮೇಲೆ ಸಾಲಾಗಿ ನಿಂತೆವು. ಹಗ್ಗ ಯಾರು ಎಳೆಯಬೇಕೆಂದು ಎಲ್ಲರೂ ಮಾಸ್ತರರನ್ನು ನೋಡಿದರೆ ಅವರು ನನ್ನನ್ನು ಕರೆದರು.

“ಎಳಿ. ಅಂಜಬ್ಯಾಡ, ಒಂದ ಸಲ, ಹಗುರ.”

ಎಳೆದೆ. ತೆರೆಯಿತು. ಕೆಂಪು ಪಕಳೆಗಳು ಒಂದು ಮಗುವಿನ ಕಣ್ಣಿಗೇ ಬಿದ್ದವು. ಜನಗಣಮನ ಹೇಳಿದೆವು, ಮಲಯಾಳಿಗಳದು ಒಂದು ಉಚ್ಚಾರ, ಪಂಜಾಬಿಗಳದು ಇನ್ನೊಂದು, ನಮ್ಮದು ಬೇರೆ.

ಭಾಷಣಕ್ಕೆ ನಾನೇ ನಿಲ್ಲಬೇಕಾಯಿತು. ಡೈರಿಯಲ್ಲಿ ಭಾಷಣದ ಒಂದು ಅಕ್ಷರವೂ ಇಲ್ಲ. ನೆನಪಿನ ಪ್ರಕಾರ ಮೂರೇ ವಾಕ್ಯ. ನಮ್ಮ ಜಿಲ್ಲೆಗೆ ಸ್ವಾತಂತ್ರ್ಯ ಹದಿಮೂರು ತಿಂಗಳು ತಡವಾಗಿ ಬಂತು. ಆಗ ಏನೇನಾಯಿತೆಂದು ಹೇಳುವಷ್ಟು ನನಗೆ ಗೊತ್ತಿಲ್ಲ, ಗೊತ್ತಿದೆ ಅಂದುಕೊಂಡಿದ್ದೆ. ನನ್ನ ಅಜ್ಜ ಆ ದಿನ ಸೊಲ್ಲಾಪುರದಲ್ಲಿ ಬೀಗರ ಮನೆಯಲ್ಲಿ ಊಟ ಮಾಡುತ್ತಿದ್ದ. ಕೊನೆಯದಕ್ಕೆ ಎಲ್ಲರೂ ನಕ್ಕರು. ಬಜ್ಜಿ ಆರುತ್ತಿದೆ ಎಂದು ಯಾರೋ ಅಂದರು, ಊಟಕ್ಕೆ ಎದ್ದೆವು. ನಾನು ಹಿಂದಿನ ದಿನ ಬಡಿದಿಟ್ಟ ರೊಟ್ಟಿ ಸಾಲಲಿಲ್ಲ. ಪಂಜಾಬಿನ ಹೆಂಗಸು ಒಳಗೆ ಬಂದು ಹಿಟ್ಟು ನಾದಲು ನಿಂತಳು, ನಾನು ಮತ್ತೆ ಬಡಿದೆ.

ಸಂಜೆ ಎಲ್ಲರೂ ಹೋದ ಮೇಲೆ ಮಾಸ್ತರರು ಉಳಿದರು. ಹೊತ್ತು ಮುಳುಗುವ ಮೊದಲು ಧ್ವಜ ಇಳಿಸಬೇಕಲ್ಲ. ಮಧ್ಯಾಹ್ನದ ಮಳೆಗೆ ಅದು ನೆನೆದಿತ್ತು. ಇಳಿಸಿ, ನೀರಿಳಿಯಲು ಬಟ್ಟೆಯ ತಂತಿಯ ಮೇಲೆ ಹರವಿ, ಅರ್ಧ ಒಣಗಿದ ಮೇಲೆ ಮಡಚಿ ನನ್ನ ಕೈಗೆ ಕೊಟ್ಟರು. ಹಗ್ಗವನ್ನೂ ಕೊಟ್ಟರು.

“ಮುಂದಿನ ವರ್ಷ ನೀ ಕಟ್ಟು. ಈಗ ತೋರಸ್ತೇನಿ, ಕೂಡು.”

“ನನ್ನ ಕೈಲಿ ಆಗಂಗಿಲ್ರಿ ಮಾಸ್ತರ್ರಿ. ನೀವ ಇದ್ದೀರಲ್ಲ. ನಾ ಕಟ್ಟಿ, ಎಲ್ಲಾರ ಮುಂದ ತೆರೀಲಿಲ್ಲಂದ್ರ?”

“ತೆರೀಲಿಲ್ಲಂದ್ರ ಏನಾತು,” ಅಂದರು. “ನಿನಗ ಯಾರೂ ಏನೂ ಅನ್ನಂಗಿಲ್ಲ.”

ಅದರಲ್ಲಿ ಕೊಂಕಿರಲಿಲ್ಲ, ದುಃಖವೂ ಇರಲಿಲ್ಲ. ಗಣಿತದ ಪಾಠದಲ್ಲಿ ಹುಡುಗನಿಗೆ ಧೈರ್ಯ ಹೇಳುವ ಧ್ವನಿ. ನನ್ನ ಹೆದರಿಕೆ ಹೋಗಲೆಂದೇ ಹೇಳಿದ್ದು. ನಾನು ತಲೆ ತಗ್ಗಿಸಿ ಹಗ್ಗವನ್ನು ಹಿಡಿದುಕೊಂಡೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಎಲ್ಲಿಡಬೇಕೋ ಅಲ್ಲಿಟ್ಟು ತೋರಿಸಿದರು. ಆರೇಳು ಸಲ ತಪ್ಪಿದೆ. ಒಳಗಿನಿಂದ ನನ್ನ ಗಂಡ ಚಹಾ ಮಾಡಿ ತಂದರು. ಮಾಸ್ತರರು ಕುಡಿದರು, “ಸಕ್ರಿ ಹಾಕೋದು ಯಾವಾಗ ಕಲೀತಿ ಲೇ” ಎಂದು ಬೈದರು, ಲೋಟ ಮುಂದೆ ಮಾಡಿ ಇನ್ನಷ್ಟು ಹಾಕಿಸಿಕೊಂಡರು.

ಮರುವರ್ಷ ನಾನೇ ಕಟ್ಟಿದೆ. ಆ ವರ್ಷದ ಊಟ ಕೇರಳದವರೊಬ್ಬರ ಮನೆಯಲ್ಲಿತ್ತು. ಪ್ರಿನ್ಸಿಪಾಲರೂ ಬಂದಿದ್ದರು. ಅವರು ಎಳೆದಾಗ ಗಂಟು ಒಂದು ಕ್ಷಣ ಹಿಡಿಯಿತು, ಆಮೇಲೆ ಬಿಟ್ಟಿತು. ಹೂವು ಉದುರುವಾಗ ನಾನು ಧ್ವಜವನ್ನು ನೋಡಲಿಲ್ಲ, ಮಾಸ್ತರರನ್ನು ನೋಡಿದೆ. ಇಷ್ಟು ವರ್ಷ ಕಂಬದ ಬುಡದಲ್ಲಿ ಹಗ್ಗ ಎಳೆಯುವವರ ಪಕ್ಕ, ಗಂಟಿನ ಮೇಲೇ ಕಣ್ಣಿಟ್ಟು ನಿಂತವರು ಈಗ ಸಾಲಿನಲ್ಲಿ, ಮಕ್ಕಳ ಪಕ್ಕದಲ್ಲಿ, ಖಾಲಿ ಕೈಯಲ್ಲಿ ನಿಂತಿದ್ದರು. ಕೈಗಳನ್ನು ಮೊದಲು ಹಿಂದೆ ಕಟ್ಟಿದರು, ಬಿಚ್ಚಿದರು, ಪಕ್ಕಕ್ಕಿಳಿಸಿದರು. ಕೊನೆಗೆ ಕತ್ತೆತ್ತಿ, ಬಾಯಿ ಸ್ವಲ್ಪ ತೆರೆದು, ಮೇಲೆ ನೋಡುತ್ತ ನಿಂತರು.